ಎರಡು ಕರಬೂಜ, ಒಂದು ಹೊಸ ಕಾರು

ರಿಶ್ತಾನ್ ಊರಿನ ಎರ್ಗಶನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ತಾಯಿಯ ಎರಡೂ ಕಿಡ್ನಿ ಕೆಟ್ಟಿದ್ದವು. ಡಯಾಲಿಸಿಸ್ ಮುಗಿದ ಮೇಲೆ ಬಾಡಿಗೆ ಕಾರು ಸಿಗದೆ, ಆ ಮುದುಕಿ ಫರ್ಗಾನಾ ಆಸ್ಪತ್ರೆಯ ಮೆಟ್ಟಿಲ ಮೇಲೆ ನಡುಗುತ್ತಾ ಕೂರಬೇಕಿತ್ತು. ಹೊಸ ಕಾರು ಕೇಳಲು ಹೋದರೆ ಷೋರೂಮಿನವರು, "ಬುಕ್ ಮಾಡಿ ಹೋಗಿ, ಚಳಿಗಾಲ ಕಳೀಲಿ" ಎಂದರು. ಉಳಿದದ್ದು ಭಾನುವಾರದ ಕಾರು ಸಂತೆ. ಅಲ್ಲಿ ಹೊಸ ಕಾರು ಅವತ್ತೇ ಸಿಗುತ್ತದೆ, ಬೆಲೆ ಮಾತ್ರ ಅವರು ಹೇಳಿದ್ದು.

"ಕೇಳಿದಷ್ಟು ಬಿಸಾಕಿ ತಂದುಬಿಡ್ತೀನಿ," ಎಂದ ಎರ್ಗಶ್.

ಪಕ್ಕದ ಮನೆಯ ಮಂಜೂರ ಬಿಟ್ಟಾಳೆಯೇ! "ನಮ್ಮನೆಯೋರೂ ಹಿಂಗೇ ಹಾರಾಡ್ಕೊಂಡು ಹೋಗಿದ್ರು. ದಲ್ಲಾಳಿ ಕೈ ಹಿಡ್ಕೊಂಡು ಕುಲುಕಿ ಕುಲುಕಿ 'ಆಯ್ತು' ಅನ್ನಿಸಿದ. ಆಮೇಲೆ ಮ್ಯಾಟು, ಅಲಾರಂ, ಅದು ಇದು ಅಂತ ಏರಿಸ್ತಾ ಹೋದ. ಕೈ ಕುಲುಕಿದ ಮೇಲೆ ಹಿಂದೆ ಸರಿದ್ರೆ ಮರ್ಯಾದೆ ಏನಾಗ್ಬೇಕು? ತೆತ್ತು ಬಂದ್ರು."

"ನಾನೇನು ಮಗೂನಾ ಅಕ್ಕಾ?"

"ಮಗು ಆಗಿದ್ರೆ ಹೇಳಿದ್ದಾದ್ರೂ ಕೇಳ್ತಿದ್ದೆ. ನಡಿ, ನಾನೂ ಬರ್ತೀನಿ."

ಸಂತೆಯ ಬಾಗಿಲಲ್ಲೇ ಅವಳು ಎರಡು ದೊಡ್ಡ ಕರಬೂಜ ಕೊಂಡು, ಅವನ ಎರಡೂ ತೋಳಿಗೆ ಒಂದೊಂದು ಹೇರಿದಳು. "ಎಲ್ಲ ಸೇರಿಸಿ ಬೆಲೆ ಬರೆಯೋತನಕ ಇಳಿಸಿದ್ರೆ ನೋಡು!"

ಬಿಳಿ ಕಾರೊಂದರ ಮುಂದೆ ನಿಂತದ್ದೇ ತಡ, ದಲ್ಲಾಳಿ ನುಗ್ಗಿ ಬಂದು ಕೈಗೆ ಕೈ ಹಾಕಿದ. ಸಿಕ್ಕಿದ್ದು ಕರಬೂಜ. ಸುತ್ತಲಿದ್ದವರು ಗೊಳ್ಳೆಂದರು.

"ಇಳಿಸಪ್ಪಾ ಅದನ್ನ! ಹಿಂದೆ ಇನ್ನಿಬ್ರು ಕಾಯ್ತಾ ಇದಾರೆ!" ಎಂದು ದಲ್ಲಾಳಿ ಅವಸರಿಸಿದ.

ಎರ್ಗಶ್ ಹಿಂದೆ ತಿರುಗಿ ನೋಡಿದ. ಇದೂ ತಪ್ಪಿಹೋದರೆ? ಆಸ್ಪತ್ರೆಯ ಮೆಟ್ಟಿಲು ಕಣ್ಣ ಮುಂದೆ ಬಂತು. ತೋಳು ಸಡಿಲವಾಯಿತು. ಮಂಜೂರ ಕೆಮ್ಮಿದಳು.

"ಎಲ್ಲ ಸೇರಿ ಎಷ್ಟು? ಬರೆದುಕೊಡಿ. ಮ್ಯಾಟು, ಅಲಾರಂ ನಂಗೆ ಬೇಡ," ಎಂದ ಎರ್ಗಶ್.

"ಹೆಂಗಸಿನ ಮಾತು ಕೇಳ್ಕೊಂಡು ವ್ಯಾಪಾರ ಮಾಡ್ತೀಯೇನಯ್ಯಾ?" ಎಂದು ದಲ್ಲಾಳಿ ಹಂಗಿಸಿದ.

"ಕೇಳ್ದೇ ಮಾಡಿದ ಗಂಡಸನ್ನ ದಿನಾ ಮನೇಲಿ ನೋಡ್ತೀನಪ್ಪಾ," ಎಂದಳು ಮಂಜೂರ.

ದಲ್ಲಾಳಿ ಬರೆದುಕೊಡಲು ಒಪ್ಪದಿದ್ದಾಗ ಎರ್ಗಶ್ ತಿರುಗಿ ಹೊರಟ. ಸಂತೆಯ ಬಾಗಿಲು ಇನ್ನೇನು ಬಂತು ಎನ್ನುವಾಗ ಕಾರಿನ ಯಜಮಾನನೇ ಓಡಿಬಂದ. "ನಿಲ್ಲಿ ಮಾರಾಯ್ರೇ! ಬೆಲೆ ಇಳಿಸ್ತೀನಿ, ಬರೆದೂ ಕೊಡ್ತೀನಿ."

ಬರೆದದ್ದನ್ನು ಎರ್ಗಶ್ ಎರಡು ಸಲ ಓದಿದ. ಕಾರಿನ ಮೇಲೆ ಕೊರೆದ ಛಾಸಿ ನಂಬರು, ಕಾರಿನ ಕಾಗದಪತ್ರದ ನಂಬರು ಒಂದೇ ಎಂದು ಮಂಜೂರ ತಾಳೆ ನೋಡಿದಳು. ಆಮೇಲೆ ಕರಬೂಜಗಳು ನೆಲಕ್ಕಿಳಿದವು, ಕೈ ಮುಂದೆ ಹೋಯಿತು.

ಮುಂದಿನ ಡಯಾಲಿಸಿಸ್ ಮುಗಿಸಿ ತಾಯಿ ರೂಢಿಯಂತೆ ಮೆಟ್ಟಿಲ ಮೇಲೆ ಕೂರಲು ಹೋದಳು.

"ಅಲ್ಲಿ ಯಾಕಮ್ಮಾ ಕೂರ್ತೀಯಾ?" ಎಂದು ಎರ್ಗಶ್ ಕಾರಿನ ಬಾಗಿಲು ತೆಗೆದ. "ಬಾ, ಮನೆಗೆ ಹೋಗೋಣ."

ಕಾರು ಕೊಳ್ಳಲು ಹೊರಟ ಅಣ್ಣಂದಿರೇ, ಅಕ್ಕಂದಿರೇ, ಆತುರ ಯಾರಿಗಿಲ್ಲ ಹೇಳಿ? ಆದರೂ ಎಲ್ಲ ಸೇರಿದ ಬೆಲೆ ಕಾಗದಕ್ಕೆ ಬರಲಿ, ನಂಬರು ತಾಳೆಯಾಗಲಿ. ಒಪ್ಪಿಗೆಯಾಗದಿದ್ದರೆ ತಿರುಗಿ ಬನ್ನಿ. ಬೆಲೆ, ನಂಬರು ಸರಿಯಾಗುವತನಕ ಕೈ ಚಾಚಬೇಡಿ. ಕರಬೂಜ ಸಿಗದಿದ್ದರೆ ಕೈಯನ್ನು ಜೇಬಿನೊಳಗಾದರೂ ಇಟ್ಟುಕೊಳ್ಳಿ.