ಹುಗ್ಗಿ ಉಣಿಸಿ ಗಡಿ ದಾಟಿಸಿದರು

ಮಹಾರಾಷ್ಟ್ರದ ಗಡಿಯ ಉಮರ್ಗಾದ ಪೇಟೆಯಲ್ಲಿ ಮೊದಲ ಫಲಕ ಏರಿದ ದಿನ ನೀಲಾಬಾಯಿಗೆ ಖುಷಿಯೇ ಆಗಿತ್ತು. ‘ಪೈಸೆ ನಕೋ, ಅನ್ನ ದ್ಯಾ’ ಎಂದು ಮರಾಠಿಯಲ್ಲಿ ದಪ್ಪ ಅಕ್ಷರ. ದುಡ್ಡು ಬೇಡ, ಅನ್ನ ಕೊಡಿ. ಕೆಳಗೆ ಊಟದ ತಟ್ಟೆಯ ಚಿತ್ರ, ಪಕ್ಕದಲ್ಲಿ ಕರುಣಾ ಸಮಿತಿಯ ಅಧ್ಯಕ್ಷ ರೇವಣಪ್ಪನ ಫೋಟೊ, ತಟ್ಟೆಗಿಂತ ದೊಡ್ಡದು. ಬೀದಿಯಲ್ಲಿ ಮಲಗುವವರ ಕೈಗೆ ಯಾರೂ ಚಿಲ್ಲರೆ ಹಾಕಬಾರದು. ಅಂಗಡಿಗಳಲ್ಲಿ ಹಸಿರು ಕೂಪನ್ ಇಟ್ಟಿರುತ್ತಾರೆ, ಅದನ್ನು ಕೊಡಬೇಕು. ಕೂಪನ್ ತಂದವರಿಗೆ ಕೆಳಗಿನ ಮಠದಲ್ಲಿ ಮಧ್ಯಾಹ್ನದ ಊಟ. ರೇವಣಪ್ಪನಿಗೆ ಪಕ್ಕದ ಮುರುಮ ಊರಿನ ಹತ್ತಿರ ಕಬ್ಬಿನ ಹೊಲ, ಪೇಟೆಯಲ್ಲಿ ದೊಡ್ಡ ಮನೆ, ಮಠದ ಟ್ರಸ್ಟಿನಲ್ಲಿ ಮೊದಲ ಕುರ್ಚಿ. ಆತ ಹೇಳಿದ ಮೇಲೆ ಇಲ್ಲವೆನ್ನುವವರು ಇರಲಿಲ್ಲ.

ನೀಲಾಬಾಯಿ ಆ ಮಠದ ಅಯ್ಯನವರ ಮನೆಯಾಕೆ. ಗಂಡ ಅಮರಯ್ಯ ಲಗ್ನ, ನಾಮಕರಣ, ಪೂಜೆ ಎಂದು ಭಕ್ತರ ಊರುಗಳಿಗೆ ಓಡಾಡುತ್ತಿದ್ದ. ದಾಸೋಹದ ಒಲೆ ಆಕೆಯ ಕೈಯಲ್ಲಿತ್ತು. ಜೋಳದ ರೊಟ್ಟಿ, ಝುಣಕ, ಕಟ್ಟಿನ ಸಾರು ಮಾಡಿ ಬಿಸಿಬಿಸಿಯಾಗಿ ನೀಡುತ್ತಿದ್ದಳು. ಪಂಕ್ತಿಯ ಕೊನೆಗೆ ನಾಗಣ್ಣ ಎಂಬ ಮುದುಕ ಕೂರುತ್ತಿದ್ದ. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ತಟ್ಟೆಯ ಅಂಚನ್ನು ಬೆರಳಿನಿಂದ ಸವರಿ ರೊಟ್ಟಿ ಹುಡುಕುತ್ತಿದ್ದ. ಅವನ ಪಕ್ಕದಲ್ಲಿ ರಂಭಾಬಾಯಿ. ಮುಚ್ಚಿದ ಟೇಲರ್ ಅಂಗಡಿಯ ಕಟ್ಟೆಯೇ ಆಕೆಯ ಮನೆ. ಯಾರ ಮಗಳು, ಯಾರ ಹೆಂಡತಿ ಎಂದು ಕೇಳಿದರೆ ಮುಖ ತಿರುಗಿಸುತ್ತಿದ್ದಳು. ಆದರೆ ನಾಗಣ್ಣನ ರೊಟ್ಟಿ ಮುರಿದು ಸಾರಿನಲ್ಲಿ ಹಾಕಿಕೊಡುವವಳು ಆಕೆಯೇ.

ಸ್ವಲ್ಪ ದಿನಕ್ಕೆ ರಂಭಾಬಾಯಿ ಬರುವುದು ನಿಂತಿತು. ನೀಲಾಬಾಯಿ ಹುಡುಕಿಕೊಂಡು ಟೇಲರ್ ಅಂಗಡಿಯ ಕಟ್ಟೆಗೆ ಹೋದಳು.

“ಯಾಕವ್ವ ರಂಭಾಬಾಯಿ, ಊಟಕ್ಕ ಬರವಲ್ಲಿ? ಆರಾಮ ಇಲ್ಲೇನು?”

“ಆರಾಮ ಅದೀನಿ. ಹೊಟ್ಟಿ ಒಂದೇ ಇದ್ದಿದ್ರ ದಿನಾ ಬರ್ತಿದ್ದೆ.”

“ಅಂದ್ರ?”

“ಸಂಡಾಸಕ್ಕ ಹೋಗಬೇಕಂದ್ರ ಬಾಗಲಾಗ ಕುಂತಾಂವಾ ರೊಕ್ಕ ಕೇಳ್ತಾನ. ಹಸರ ಕಾಗದ ತೋರಿಸಿದ್ರ ನಗ್ತಾನ. ಮೈಗೆ ಸಬಕಾರ ಬೇಕು, ಕಾಲಿನ ಹುಣ್ಣಿಗೆ ಮುಲಾಮ ಬೇಕು. ಮುಂಜಾನಿ ಒಂದು ಕಪ್ ಚಹಾ ಕುಡೀಬೇಕಂತ ನಂಗ ಅನಿಸಬಾರದೇನು? ಮೊದಲ ಮಂದಿ ಚಿಲ್ಲರ ಕೊಡ್ತಿದ್ರು, ನಂಗ ಏನ್ ಬೇಕೋ ಅದು ತಗೋತಿದ್ದೆ. ಈಗ ನಂಗ ಏನ್ ಬೇಕಂತ ಆ ರೇವಣಪ್ಪಗೇ ಗೊತ್ತದ. ಕೂಪನ್ ಮಖದ ಕೆಳಗ ಹಿಡಕೋ ಅಂತಾರ, ಫೋಟೊ ಹೊಡೀತಾರ. ಹಂಗ ಕಳ್ಳರ ಫೋಟೊ ಹೊಡೀತಾರವ್ವ.”

ಮರುದಿನ ರೇವಣಪ್ಪ ಮಠಕ್ಕೆ ಬಂದಾಗ ನೀಲಾಬಾಯಿ ಸೆರಗು ಸರಿಪಡಿಸಿಕೊಂಡು ಇದನ್ನೆಲ್ಲ ಹೇಳಿದಳು. ಮಠದ ಹಿಂದಿನ ಬಚ್ಚಲು ಖಾಲಿ ಇದೆ, ಅದನ್ನಾದರೂ ತೆರೆದಿಡೋಣ ಎಂದಳು. ಆತ ನಕ್ಕು, “ನೋಡೋಣ್ರಿ ಅಮ್ಮನೋರೆ, ಹಂತಹಂತವಾಗಿ ಮಾಡೋಣು,” ಎಂದ. ಬಚ್ಚಲಿಗೆ ಬೀಗ ಹಾಗೇ ಇತ್ತು.

ಮುಂದಿನ ವಾರ ಆತನ ಮನೆಯಿಂದ ಗೋಧಿ, ಬೆಲ್ಲ, ತುಪ್ಪದ ಡಬ್ಬ ಬಂದವು. ಹುಗ್ಗಿ ಮಾಡಿರಿ, ಇವತ್ತು ಊರಿನ ಒಬ್ಬ ಭಿಕ್ಷುಕನೂ ಊಟ ತಪ್ಪಿಸಬಾರದು, ಎಲ್ಲರಿಗೂ ಕೂಪನ್ ಮುಟ್ಟಿಸಿದ್ದೇವೆ ಎಂದು ಹೇಳಿಕಳಿಸಿದ್ದ. ನೀಲಾಬಾಯಿ ಕೈಬಿಚ್ಚಿ ತುಪ್ಪ ಹಾಕಿದಳು. ರಂಭಾಬಾಯಿಯೂ ಬಂದಳು. ಹುಗ್ಗಿಯ ವಾಸನೆಗೆ ನಾಗಣ್ಣ ಮುಖ ಎತ್ತಿ, “ಯಾರ ಮನಿ ಲಗ್ನರೀ ಅವ್ವಾರೆ?” ಎಂದು ಕೇಳಿದ. ಎಲ್ಲರೂ ನಕ್ಕರು. ನೀಲಾಬಾಯಿ ಅವನಿಗೆ ಎರಡನೆಯ ಸಲ ಬಡಿಸಿ, ಹಂಡೆ ತೊಳೆಯಲು ಹಿತ್ತಿಲಿಗೆ ಹೋದಳು. ತಿರುಗಿ ಬರುವಷ್ಟರಲ್ಲಿ ಪಂಕ್ತಿ ಎದ್ದುಹೋಗಿತ್ತು. ಹೊರಗೆ ಪಿಕಪ್ ಗಾಡಿಯೊಂದು ಧೂಳೆಬ್ಬಿಸಿಕೊಂಡು ಹೊರಟಿತ್ತು.

“ಪುನರ್ವಸನರಿ, ಅಮ್ಮನೋರೆ,” ಎಂದ ರೇವಣಪ್ಪ. “ದೂರದ ಒಂದು ಆಶ್ರಮಕ್ಕ ಕಳಿಸೀವಿ. ಮಂಚ, ಫ್ಯಾನು, ಡಾಕ್ಟರ್, ಎಲ್ಲಾ ಅದ ಅಲ್ಲಿ. ಇನ್ನ ಯಾರೂ ಬೀದ್ಯಾಗ ಇರಂಗಿಲ್ಲ.”

ನೀಲಾಬಾಯಿ ಕೈಮುಗಿದಳು. ನಿಜವಾಗಿ ಕೈಮುಗಿದಳು.

ಸಂಜೆ ತರಕಾರಿ ತರಲು ಹೋದಾಗ ಟೇಲರ್ ಅಂಗಡಿಯ ಕಟ್ಟೆ ಕಂಡಿತು. ರಂಭಾಬಾಯಿಯ ಬಟ್ಟೆಗಂಟು ಮೂಲೆಯಲ್ಲೇ ಇತ್ತು. ಸತ್ತರೂ ಗಂಟು ಬಿಡದ ಹೆಂಗಸು ಅದನ್ನು ಬಿಟ್ಟು ಆಶ್ರಮಕ್ಕೆ ಹೋದಳೇ? ನೀಲಾಬಾಯಿ ಗಂಟನ್ನು ಎತ್ತಿಕೊಂಡು ಮನೆಗೆ ಬಂದಳು. ಮುಟ್ಟಿಸಿಬರೋಣ, ಆಶ್ರಮ ಎಲ್ಲಿ ಎಂದು ಸಮಿತಿಯವರನ್ನು ಕೇಳಿದರೆ ಒಬ್ಬ ಲಾತೂರ ಎಂದ, ಇನ್ನೊಬ್ಬ ಸೋಲಾಪುರ ಎಂದ.

ಮರುದಿನ ಸಂಜೆ ಉತ್ತರ ತಂದವನು ಅಮರಯ್ಯ. ಗಡಿ ಆಚೆ, ಬಸವಕಲ್ಯಾಣದ ಕಡೆಯ ಭಕ್ತರ ಮನೆಯಲ್ಲಿ ನಾಮಕರಣ ಮುಗಿಸಿ ಬಂದವನು ಕಾಲು ತೊಳೆದು ಕೂತ. ತಟ್ಟೆ ಇಟ್ಟರೆ ಉಣ್ಣಲಿಲ್ಲ.

“ಏನಾತ್ರಿ?”

“ರಂಭಾಬಾಯಿನ್ನ ನೋಡ್ದೆ. ಹೈವೇ ಮ್ಯಾಲ, ಒಂದು ಧಾಬಾದ ಗ್ವಾಡಿಗೆ ಒರಗಿ ಕುಂತಾಳ. ಕಾಲು ಬಾತಾವ. ನಾ ಮಾತಾಡಿಸಿದ್ರ ಉಗುಳಿದಳು.”

“ಅಲ್ಲಿ ಹೆಂಗ ಹೋದಳು?”

ಅಮರಯ್ಯ ನೆಲ ನೋಡಿದ. “ಆಶ್ರಮ ಗೀಶ್ರಮ ಏನೂ ಇಲ್ಲ. ಗಡಿ ದಾಟಿಸಿ ಇಳಿಸಿ ಬಂದಾರ. ಧಾಬಾದಂವಾ ಕಣ್ಣಾರೆ ನೋಡ್ಯಾನ. ನಾಳಿ ದೊಡ್ಡ ಮಂದಿ ಬರ್ತಾರ, ಸಮಿತಿಗೆ ಪುರಸ್ಕಾರ ಅದ. ಬೀದ್ಯಾಗ ಯಾರೂ ಕಾಣಬಾರದು, ಅದಕ್ಕ.” ದನಿ ತಗ್ಗಿಸಿ, “ನೀ ಏನೂ ಮಾತಾಡಬ್ಯಾಡ. ನಾವು ಇರೋ ಮನಿ ಟ್ರಸ್ಟಿಂದು,” ಎಂದ.

ನೀಲಾಬಾಯಿ ಮದುವೆಯಾದಂದಿನಿಂದ ಗಂಡನ ಎದುರು ದನಿ ಏರಿಸಿದವಳಲ್ಲ. ಅಂದು ಏರಿಸಿದಳು.

“ನಿಮ್ಮ ಅಪ್ಪ ಜೋಳಿಗಿ ಹಾಕ್ಕೊಂಡು ಮನಿ ಮನಿ ತಿರುಗಿದ್ರು. ನೀವೂ ತಿರುಗ್ತೀರಿ. ನಿಮ್ಮ ಜೋಳಿಗ್ಯಾಗ ಇವತ್ತಿನ ತನಕ ಯಾರರೆ ಕೂಪನ್ ಹಾಕ್ಯಾರೇನ್ರಿ? ಸ್ವಾಮೇರೇ, ಈ ಜ್ವಾಳ ಏನ್ ಮಾಡ್ತೀರಿ ಅಂತ ಕೇಳ್ಯಾರೇನು? ಕಾಲಿಗೆ ಬಿದ್ದು ಹಾಕ್ತಾರ! ನಾವು ಬೇಡಿದ್ರ ಭಿಕ್ಷಾ, ಅವರು ಬೇಡಿದ್ರ ಭೀಕ. ಇಷ್ಟೇ ಫರಕು. ಮನಿ ಹೋಗ್ತದ ಅಂತ ಅಂಜಿ ಕೂಡ್ತೀರಿ, ಮನಿ ಇಲ್ಲದವರನ್ನ ಕಸ ಚೆಲ್ಲಿದಂಗ ಚೆಲ್ಲಿ ಬಂದಾರ!”

ಅಮರಯ್ಯ ಬೆಳಗ್ಗೆ ಎದ್ದು ತಾನೇ ಮೋಟರ್‌ಸೈಕಲ್ ಹೊರಗೆ ತೆಗೆದ. ನೀಲಾಬಾಯಿ ಗಂಟನ್ನು ಮಡಿಲಲ್ಲಿಟ್ಟುಕೊಂಡು ಹಿಂದೆ ಕೂತಳು.

ರಂಭಾಬಾಯಿ ಧಾಬಾದ ಹಿಂದೆ, ಟೈರುಗಳ ರಾಶಿಯ ನೆರಳಿನಲ್ಲಿ ಕೂತಿದ್ದಳು. ನೀಲಾಬಾಯಿಯನ್ನು ಕಂಡೊಡನೆ ಕಲ್ಲೊಂದನ್ನು ಎತ್ತಿಕೊಂಡಳು.

“ಬಂದ್ಯಾ? ಉಳಿದ ಹುಗ್ಗಿ ತಂದೀಯೇನು?”

“ನಂಗ ಗೊತ್ತಿದ್ದಿಲ್ಲವ್ವ. ನನ್ನ ಲಿಂಗದ ಆಣಿ.”

“ನಿಂಗ ಗೊತ್ತಿದ್ದಿಲ್ಲ. ನೀ ನೀಡಿದಿ, ಆ ರೇವಣಪ್ಪ ಗಾಡಿ ತಂದ. ನಾ ಒಂದು ಕಟ್ಟಿ ಮ್ಯಾಲ, ನಾಗಣ್ಣ ಒಂದು ಗಿಡದ ಬುಡಕ, ಇನ್ನೊಬ್ಬಾಕಿ ಬಸ್ ಸ್ಟ್ಯಾಂಡಿನಾಗ. ಹಿಡೀಬೇಕಂದ್ರ ಒಬ್ಬೊಬ್ಬರನ್ನ ಅಟ್ಟಬೇಕಿತ್ತು. ನಿನ್ನ ಪಂಕ್ತ್ಯಾಗ ಕೂಡಿಸಿದ್ದಕ್ಕ ಎಲ್ಲಾರೂ ಒಂದೇ ಕಡೆ ಸಿಕ್ಕಿವಿ, ಹಟ್ಟ್ಯಾಗ ಕುರಿ ಸಿಕ್ಕಂಗ.”

ಆ ಮಾತು ಸುಳ್ಳಾಗಿದ್ದರೆ ನೀಲಾಬಾಯಿ ಎದುರಾಡಬಹುದಿತ್ತು.

“ನಾಗಣ್ಣ ಎಲ್ಲಿ?” ಎಂದು ಕೇಳಿದಳು.

ರಂಭಾಬಾಯಿ ಕಲ್ಲನ್ನು ಕೆಳಗಿಟ್ಟಳು. “ಇನ್ನೂ ಮುಂದ ಹೋಗಿ ಇಳಿಸಿದ್ರು ಅಂವನ್ನ. ಬ್ಯಾಡ್ರಪ್ಪಾ, ಅವನಿಗೆ ಕಣ್ಣು ಕಾಣಂಗಿಲ್ಲ, ನನ್ನ ಕೂಡ ಬಿಡ್ರಿ ಅಂತ ಕಾಲು ಹಿಡ್ದೆ. ಎಲ್ಲಾರೂ ಒಂದೇ ಕಡೆ ಇದ್ರ ಗುಂಪುಗೂಡಿ ತಿರುಗಿ ಬರ್ತೀರಿ ಅಂದ್ರು. ನಡಕೊಂತ ಹುಡುಕಿದೆ. ಎಲ್ಲಿ ಹುಡುಕಲಿ? ಈ ಕಾಲು ತಗೊಂಡು?”

ಅಮರಯ್ಯ ಆಕೆಯನ್ನು ಮೋಟರ್‌ಸೈಕಲ್ ಮೇಲೆ ಕೂರಿಸಿಕೊಂಡು ಹೋಗುತ್ತೇನೆ ಎಂದ. ಆಕೆ ಬರಲೊಪ್ಪಲಿಲ್ಲ. “ನಿಮ್ಮ ಮಠಕ್ಕ ನಾ ಕಾಲಿಡಂಗಿಲ್ಲ,” ಎಂದು ಗಂಟನ್ನು ಮಾತ್ರ ಇಸಿದುಕೊಂಡಳು. ಗಂಡಹೆಂಡತಿ ಧಾಬಾದವನಿಗೆ ಮುಲಾಮು, ಊಟ ಕೊಡಲು ಹೇಳಿ, ನಾಗಣ್ಣನಿಗಾಗಿ ಮುಂದಿನ ಊರುಗಳ ತನಕ ಹೋಗಿ ಕೇಳಿದರು. ಯಾರೂ ನೋಡಿರಲಿಲ್ಲ.

ಉಮರ್ಗಾಕ್ಕೆ ತಿರುಗಿ ಬಂದಾಗ ಮಠದ ಅಂಗಳದಲ್ಲಿ ಪೆಂಡಾಲು ತುಂಬಿತ್ತು. ‘ಭಿಕಾರಿಮುಕ್ತ ಪೇಟೆ’ ಎಂದು ಬ್ಯಾನರು. ವೇದಿಕೆಯಲ್ಲಿ ಅತಿಥಿಗಳು, ನಡುವೆ ಬಿಳಿ ಟೋಪಿಯ ರೇವಣಪ್ಪ, ಹೆಂಗಸರ ಸಾಲಿನ ಮುಂದೆ ಆತನ ಹೆಂಡತಿ ಕಾಂತಾಬಾಯಿ. ಅಡಿಗೆಮನೆಯಿಂದ ಹೊಗೆ ಏಳದಿರುವುದನ್ನು ನೋಡಿ ಸಮಿತಿಯವನೊಬ್ಬ ನೀಲಾಬಾಯಿಯತ್ತ ಓಡಿ ಬಂದ. “ಅಮ್ಮನೋರೆ, ಒಲಿ ಯಾಕ ಹಚ್ಚಿಲ್ಲ?”

“ಹಚ್ಚಂಗಿಲ್ಲ,” ಎಂದು ಆಕೆ ನೇರವಾಗಿ ವೇದಿಕೆಯ ಮುಂದೆ ಹೋಗಿ ನಿಂತಳು. ಮೈಕು ಬೇಕಾಗಲಿಲ್ಲ.

“ರೇವಣಪ್ಪನವರೇ, ಆಶ್ರಮ ಎಲ್ಲಿ ಅದ? ಎಲ್ಲಾರ ಮುಂದ ಹೇಳ್ರಿ.”

“ಆಮೇಲೆ ಮಾತಾಡೋಣ್ರಿ, ಅಮ್ಮನೋರೆ.”

“ಆಮೇಲೆ ಅಂದ್ರ ಯಾವಾಗ? ನಾಗಣ್ಣನ ಹೆಣ ಸಿಕ್ಕ ಮ್ಯಾಲ? ನಾ ಈಗ ಅಲ್ಲಿಂದೇ ಬಂದೀನಿ. ಕಣ್ಣಿಲ್ಲದ ಮುದುಕನ್ನ ಹೈವೇ ಮ್ಯಾಲ ಇಳಿಸಿ ಬಂದೀರಿ. ರೊಕ್ಕ ಕೊಡಬ್ಯಾಡ್ರಿ, ಕುಡೀತಾರ ಅಂದ್ರಿ. ಹೂಂ ಅಂದೆ. ಅನ್ನ ಕೊಡ್ರಿ ಅಂದ್ರಿ. ನೀಡಿದೆ. ಅದು ಅನ್ನ ಅಲ್ಲರೀ, ಮೀನಿಗೆ ಹಾಕೋ ಗಾಳ! ನನ್ನ ಕೈಲೆ ಹಾಕಿಸಿದ್ರಿ!”

ಸಭೆಯಲ್ಲಿ ಗುಜುಗುಜು ಎದ್ದಿತು. ಯಾರೋ ಆಕೆಯ ತೋಳು ಹಿಡಿಯಲು ಬಂದರು. ಅಮರಯ್ಯ ನಡುವೆ ಬಂದು ನಿಂತ. ಆಗ ಮುಂದಿನ ಸಾಲಿನಿಂದ ಕಾಂತಾಬಾಯಿ ಎದ್ದಳು.

“ಹೋಗಿದ್ದು ನಮ್ಮ ಗಾಡೀನೇ ಏನ್ರಿ?” ಎಂದು ಗಂಡನನ್ನೇ ಕೇಳಿದಳು. “ಗೊಬ್ಬರ ತರಾಕ ಹೋಗ್ಯದ ಅಂದಿದ್ರಿ ನಂಗ.”

ರೇವಣಪ್ಪ ಹಲ್ಲು ಕಚ್ಚಿ, “ಕೂಡು,” ಎಂದ. ಆಕೆ ಕೂರಲಿಲ್ಲ. ಪೆಂಡಾಲಿನಿಂದ ಹೊರಗೆ ನಡೆದಳು. ಹಿಂದೆಯೇ ಕೆಲವು ಹೆಂಗಸರು ಎದ್ದರು.

ಎಲ್ಲರೂ ಏಳಲಿಲ್ಲ. ಅತಿಥಿಗಳು ಗಡಿಯಾರ ನೋಡಿಕೊಂಡರು. ರೇವಣಪ್ಪನಿಗೆ ಶಾಲು ಹೊದಿಸಿದರು, ಫಲಕ ಕೊಟ್ಟರು, ಚಪ್ಪಾಳೆ ಬಿತ್ತು. ಅದನ್ನು ನೀಲಾಬಾಯಿ ಕಣ್ಣಾರೆ ನೋಡಿದಳು. ಚಪ್ಪಾಳೆ ಹೊಡೆದವರಲ್ಲಿ ಆಕೆಯ ಕೈಯ ಹುಗ್ಗಿ ಉಂಡವರು, ಅಮರಯ್ಯನ ಪಾದ ತೊಳೆದು ನೀರು ಕುಡಿದವರು ಇದ್ದರು.

ತಿಂಗಳೊಳಗೆ ಮಠದ ಮನೆ ಬಿಡಲು ಹೇಳಿದರು. ಬಿಟ್ಟರು. ಕಾಂತಾಬಾಯಿಗೆ ತವರಿನಿಂದ ಬಂದ ಹಳೆಯ ಕಾಳಿನ ಅಂಗಡಿಯೊಂದು ಹಿಂದಿನ ಓಣಿಯಲ್ಲಿತ್ತು, ಅವಳ ಹೆಸರಿನಲ್ಲೇ. ಗಂಡ ಎಷ್ಟು ಕೂಗಾಡಿದರೂ ಅದರ ಬಾಗಿಲು ತೆರೆಸಿದಳು. ಒಂದು ಮೂಲೆಯಲ್ಲಿ ಅಮರಯ್ಯನ ಸಂಸಾರ. ಮಿಕ್ಕ ಜಾಗ ಬೀದಿಯವರಿಗೆ. ಈ ಸಲ ನೀಲಾಬಾಯಿ ಒಲೆಯಿಂದ ಶುರು ಮಾಡಲಿಲ್ಲ. ಧಾಬಾಕ್ಕೆ ಮತ್ತೆ ಹೋಗಿ ರಂಭಾಬಾಯಿಯನ್ನೇ ಕೇಳಿದಳು: “ಏನ್ ಬೇಕು, ನೀನೇ ಹೇಳು.” ಬಚ್ಚಲು, ಸಂಡಾಸು, ಒಳಗಿನಿಂದ ಹಾಕುವ ಚಿಲಕ, ಗಂಟು ಇಡಲು ಪೆಟ್ಟಿಗೆ, ಅದರ ಕೀಲಿ ಅವರವರ ಕೈಯಲ್ಲೇ. ಫೋಟೊ ಇಲ್ಲ. ಯಾರ ಮಗಳು ಎಂಬ ಪ್ರಶ್ನೆ ಇಲ್ಲ. ಓಣಿಯ ಹೆಂಗಸರು ಸೋಪು, ಚಹಾಪುಡಿ, ಮುಲಾಮು ತಂದು ಇಟ್ಟು ಹೋಗುತ್ತಾರೆ. ಕೈಗೆ ಚಿಲ್ಲರೆ ಹಾಕುವವರನ್ನೂ ಯಾರೂ ತಡೆಯುವುದಿಲ್ಲ.

ರಂಭಾಬಾಯಿ ಕೊನೆಗೆ ಬಂದಳು, ತನ್ನಷ್ಟಕ್ಕೆ ತಾನೇ, ಟಮ್‌ಟಮ್ ಆಟೊ ಹತ್ತಿ. ಬಂದ ಮೊದಲ ದಿನವೇ ನಲ್ಲಿ ಸೋರುತ್ತದೆ ಎಂದು ಜಗಳ ತೆಗೆದಳು.

ನಾಗಣ್ಣ ಸಿಗಲಿಲ್ಲ. ದೂರು ಕೊಡಲು ಹೋದರೆ ಗಡಿ ಈಚೆಯ ಪೊಲೀಸರು, ಇಳಿಸಿದ್ದು ಆಚೆ ಎಂದರು; ಆಚೆಯವರು, ಎತ್ತಿದ್ದು ಈಚೆ ಎಂದರು. ಮೂರನೆಯ ಸಲ ನೀಲಾಬಾಯಿ, ರಂಭಾಬಾಯಿ ಇಬ್ಬರೂ ಜೊತೆಯಾಗಿ ಹೋಗಿ ಠಾಣೆಯ ಬೆಂಚಿನ ಮೇಲೆ ಕೂತರು. ಬರೆದುಕೊಳ್ಳುವ ತನಕ ಏಳುವುದಿಲ್ಲ ಎಂದರು. ವಯಸ್ಸಾದ ಹವಾಲ್ದಾರ ಕೊನೆಗೆ ಪೆನ್ನು ತೆಗೆದ.

“ನಿಮಗ ಅಂವಾ ಏನಾಗಬೇಕ್ರಿ?”

ರಂಭಾಬಾಯಿ ಮುಂದೆ ಬಾಗಿದಳು.

“ಏನಾಗಬೇಕಂತ ಆಮೇಲೆ ಬರಕೋರಿ ಸಾಹೇಬ್ರ. ಮೊದಲ ಅವನಿಗೆ ಕಣ್ಣು ಕಾಣಂಗಿಲ್ಲ ಅಂತ ಬರೀರಿ. ಯಾರ ಗಾಡ್ಯಾಗ ಹಾಕಿದ್ರು, ಅದನ್ನ ಬರೀರಿ. ಹೆಸರು ನಾ ಹೇಳ್ತೀನಿ.”