ಎರಡನೇ ಮೇಜಿನ ಪಾಯಿಂಟ್ ಟೂ ನೈನ್

ನಾಗಮಂಗಲದ ಆ ಕಾಲೇಜಿನ ಫಿಸಿಕ್ಸ್ ಲ್ಯಾಬಿನಲ್ಲಿ ಚಿಕ್ಕಸ್ವಾಮಿಯನ್ನು ಕೇಳದೆ ಒಂದು ತುಂಡು ತಂತಿಯೂ ಅಲ್ಲಾಡುತ್ತಿರಲಿಲ್ಲ. ಹೆಸರಿಗೆ ಅಟೆಂಡರು. ಓದಿದ್ದು ಎಸ್ಸೆಸ್ಸೆಲ್ಸಿವರೆಗೆ, ಅದರಲ್ಲೂ ಗಣಿತದಲ್ಲಿ ಎರಡು ಸಲ ಡುಮ್ಕಿ. ಆದರೇನಂತೆ, ಇಪ್ಪತ್ತೊಂದು ವರ್ಷದಿಂದ ಅದೇ ಲ್ಯಾಬಿನಲ್ಲಿ ನಿಂತೂ ನಿಂತೂ ಯಾವ ಪ್ರಯೋಗಕ್ಕೆ ಏನು ಉತ್ತರ ಬರಬೇಕೆಂಬುದು ಅವನ ನಾಲಿಗೆಯ ತುದಿಯಲ್ಲಿತ್ತು. ಪ್ರಾಕ್ಟಿಕಲ್ ಪರೀಕ್ಷೆಯ ದಿನ ವೈರು ಕೊಡುವ ನೆವದಲ್ಲಿ ಹುಡುಗರ ಕಿವಿಯ ಬಳಿ ಬಾಗಿ ಆ ಅಂಕಿ ಉಸುರಿಬಿಡುತ್ತಿದ್ದ. ಅವರು ಉತ್ತರದಿಂದ ಹಿಂದಕ್ಕೆ ಲೆಕ್ಕ ಮಾಡಿಕೊಂಡು ರೀಡಿಂಗು ತುಂಬಿಸುತ್ತಿದ್ದರು. ಇದಕ್ಕೆ ಅವನು ಯಾರ ಹತ್ತಿರವೂ ಒಂದು ಲೋಟ ಕಾಫಿ ಕುಡಿದವನಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ! ಲೆಕ್ಚರರ್ ಶಂಕರ್ ಸರ್ ಆ ಗುಡಿಯ ದೇವರಾದರೆ ಪೂಜಾರಿ ತಾನೇ ಎಂದು ಎದೆಯುಬ್ಬಿಸಿ ತಿರುಗುವ ಆಸಾಮಿ ಅವನು.

ಹೀಗಿರುವಾಗ ಸ್ವಂತ ಮಗಳೇ ಬಿ.ಎಸ್ಸಿ. ಸೇರಿ ಆ ಲ್ಯಾಬಿಗೆ ಕಾಲಿಟ್ಟಳು. ಅರ್ಪಿತ ಎಂದು ಹೆಸರು. ಅವಳು ಹುಟ್ಟಿದಾಗ ಕಾಲೇಜಿನ ಹಾಜರಿ ಪುಸ್ತಕವನ್ನೆಲ್ಲ ತಿರುವಿ, ಇದ್ದುದರಲ್ಲಿ ಚೆಂದದ್ದೆಂದು ಅವನೇ ಆರಿಸಿ ತಂದ ಹೆಸರು. ಮುಂದೊಂದು ದಿನ ಮಗಳು ಮೈಸೂರಿನಲ್ಲಿ ಎಂ.ಎಸ್ಸಿ. ಮುಗಿಸಿ ಬಂದು ಇದೇ ಲ್ಯಾಬಿನಲ್ಲಿ ಪಾಠ ಮಾಡಬೇಕು, ತಾನು ಅವಳಿಗೆ ಡಸ್ಟರು ತಂದುಕೊಡಬೇಕು ಎಂಬುದು ಅವನ ಆಸೆ. ಅದಕ್ಕೆ ಪ್ರಾಕ್ಟಿಕಲ್ ಅಂಕ ಬೇಕೇ ಬೇಕು. ಅಲ್ಲಿ ಫೇಲಾದರೆ ಥಿಯರಿಯಲ್ಲಿ ಬೆಟ್ಟದಷ್ಟು ತೆಗೆದರೂ ವರ್ಷ ಹೋಯಿತೆಂದೇ ಲೆಕ್ಕ.

ಆದರೆ ಹುಡುಗಿ ಮೊಂಡು. ತೊಂಬತ್ತಾರನೇ ಇಸವಿಯ ಏಪ್ರಿಲ್‌ನಲ್ಲಿ, ಪರೀಕ್ಷೆಯ ಬೆಳಿಗ್ಗೆ, ರೊಟ್ಟಿ ತಿನ್ನುತ್ತಿದ್ದವಳ ಮುಂದೆ ಕುಕ್ಕರಗಾಲಲ್ಲಿ ಕೂತು ಚಿಕ್ಕಸ್ವಾಮಿ ಮತ್ತೆ ಶುರು ಮಾಡಿದ.

"ಅರ್ಪಿ, ಒಂದ್ಮಾತು ಕೇಳವ್ವ. ಆ ಟ್ಯಾಂಜೆಂಟ್ ಗ್ಯಾಲ್ವನೋಮೀಟರ್ ಬಂದ್ರೆ ಪಾಯಿಂಟ್ ತ್ರೀ ಎಯ್ಟ್ ಅಂತ ಬರ್ದ್‌ಬುಡು. ಎಲ್ರೂ ಬರಿಯಾದು ಅದ್ನೇ ಕಣವ್ವ."

"ನಂಗೆ ವರ್ಷೆಲ್ಲಾ ಪಾಯಿಂಟ್ ಟೂ ನೈನೇ ಬತ್ತಾದೆ ಕಣಪ್ಪ. ಏಳು ಸಲ ಮಾಡಿವ್ನಿ."

"ಏಳು ಸಲಾನೂ ತಪ್ಪು ಮಾಡಿದ್ದೀಯ."

"ಏಳು ಸಲಾನೂ ಒಂದೇ ತಪ್ಪು ಎಂಗಪ್ಪ ಬತ್ತದೆ? ಬಂದುದ್ದ ಬರಿತೀನಿ."

ಒಲೆಯ ಮುಂದಿದ್ದ ಹೆಂಡತಿ ಪುಟ್ಟಗೌರಮ್ಮ ಇತ್ತ ತಿರುಗಿಯೂ ನೋಡದೆ ಅಂದಳು: "ಮಗೀನ್ ಬಾಯಿಗೆ ಸುಳ್ಳು ತುರುಕ್ಬ್ಯಾಡಿ, ರೊಟ್ಟಿ ತಿನ್ಲಿ."

ತಾಯಿ ಮಗಳು ಒಂದಾದ ಮೇಲೆ ಗಂಡಸಿನ ಮಾತಿಗೆ ಬೆಲೆಯೆಲ್ಲಿ! ಚಿಕ್ಕಸ್ವಾಮಿ ಚಪ್ಪಲಿ ಮೆಟ್ಟಿಕೊಂಡು ಹೊರಟ.

ಮೈಸೂರಿನಿಂದ ಬಂದಿದ್ದ ಪರೀಕ್ಷಕಿ ಯಶೋದಮ್ಮ ಮೇಡಂ ನಗುವುದನ್ನು ಮನೆಯಲ್ಲೇ ಬಿಟ್ಟು ಬಂದವರಂತೆ ಕಾಣುತ್ತಿದ್ದರು. ಮಧ್ಯಾಹ್ನದ ಬ್ಯಾಚಿಗೆ ಮೇಜಿನ ಮೇಲೆ ಚೀಟಿಗಳನ್ನು ಹರಡಿದರು. ಅರ್ಪಿತ ಒಂದನ್ನು ಎತ್ತಿದಳು. ಟ್ಯಾಂಜೆಂಟ್ ಗ್ಯಾಲ್ವನೋಮೀಟರ್, ಎರಡನೇ ಮೇಜು. ಬಾಗಿಲಲ್ಲಿ ನಿಂತಿದ್ದ ಚಿಕ್ಕಸ್ವಾಮಿ ಆಗಲೇ ವೈರಿನ ಟ್ರೇಗೆ ಕೈಹಾಕಿದ.

ಭೂಮಿ ದಿಕ್ಸೂಚಿಯ ಮುಳ್ಳನ್ನು ಉತ್ತರಕ್ಕೆ ಎಷ್ಟು ಬಲವಾಗಿ ಎಳೆಯುತ್ತದೆ ಎಂದು ಅಳೆಯುವ ಪ್ರಯೋಗ ಅದು. ತಾಮ್ರದ ತಂತಿ ಸುತ್ತಿದ ಒಂದು ದೊಡ್ಡ ಬಳೆ, ಅದರ ನಡುವೆ ದಿಕ್ಸೂಚಿ. ತಂತಿಯಲ್ಲಿ ಕರೆಂಟು ಹರಿಸಿದರೆ ಮುಳ್ಳು ಪಕ್ಕಕ್ಕೆ ತಿರುಗುತ್ತದೆ. ಎಷ್ಟು ಕರೆಂಟಿಗೆ ಎಷ್ಟು ಡಿಗ್ರಿ ತಿರುಗಿತೆಂದು ಬರೆದುಕೊಂಡು ಲೆಕ್ಕ ಹಾಕಬೇಕು. ಅರ್ಪಿತ ಕೈಬಳೆ ಬಿಚ್ಚಿಟ್ಟು, ಮುಳ್ಳು ನಿಲ್ಲುವವರೆಗೆ ಉಸಿರು ಬಿಗಿಹಿಡಿದು, ಎರಡು ತುದಿಯನ್ನೂ ಓದಿ ಬರೆದಳು. ಕರೆಂಟನ್ನು ತಿರುಗುಮುರುಗು ಮಾಡಿ ಮತ್ತೆ ಓದಿದಳು. ಚಿಕ್ಕಸ್ವಾಮಿ ವೈರಿನ ಟ್ರೇ ಹಿಡಿದು ಅವಳ ಪಕ್ಕದಲ್ಲೇ ಮೂರು ಸಲ ಸುಳಿದ. ಮೂರನೇ ಸಲ ತಡೆಯಲಾರದೆ "ತ್ರೀ ಎಯ್ಟು" ಎಂದು ತುಟಿ ಅಲ್ಲಾಡಿಸಿಯೂಬಿಟ್ಟ. ಮಗಳು ತಲೆಯೆತ್ತಲಿಲ್ಲ. ಲೆಕ್ಕ ಮುಗಿಸಿ, ಕೊನೆಯಲ್ಲಿ ಪಾಯಿಂಟ್ ಟೂ ನೈನ್ ಎಂದು ಬರೆದು ಅಡಿಗೆರೆ ಎಳೆದಳು. ಅಯ್ಯೋ ಶಿವನೇ, ಆ ಅಡಿಗೆರೆಯಾದರೂ ಬೇಡವಾಗಿತ್ತು ಎನ್ನಿಸಿತು ಅವನಿಗೆ.

ಯಶೋದಮ್ಮ ಮೇಡಂ ಹಾಳೆ ನೋಡಿದರು, ಕನ್ನಡಕ ಏರಿಸಿ ಹುಡುಗಿಯನ್ನು ನೋಡಿದರು.

"ಏನಮ್ಮ ಇದು? ಬೆಳಿಗ್ಗೆ ಇದೇ ಮೇಜಿನಲ್ಲಿ ಮಾಡಿದ ಇಬ್ಬರಿಗೂ ಪಾಯಿಂಟ್ ತ್ರೀ ಎಯ್ಟ್ ಬಂದಿದೆ. ನಿಮಗೊಬ್ಬರಿಗೇ ಬೇರೆ ಭೂಮಿನಾ?"

"ಅವರ್ದು ಗೊತ್ತಿಲ್ಲ ಮೇಡಂ. ಈ ಮೇಜಿನ ಮೇಲೆ ಇಷ್ಟೇ ಇರೋದು. ಹೊರಗಡೆ ಜಾಸ್ತಿ ಇದೆ. ಬೇಕಾದ್ರೆ ತೋರಿಸ್ತೀನಿ."

ಪಕ್ಕದಲ್ಲಿದ್ದ ಶಂಕರ್ ಸರ್ ಕೆಮ್ಮಿದರು. ಮೇಡಂ ತೋರಿಸಿ ಎಂದರು.

ಅರ್ಪಿತ ಗಾಜಿನ ಪೆಟ್ಟಿಗೆಯೊಂದನ್ನು ತಂದಳು. ಅದರೊಳಗೆ ರೇಷ್ಮೆ ದಾರಕ್ಕೆ ನೇತುಹಾಕಿದ ಅಯಸ್ಕಾಂತದ ಕಡ್ಡಿ. ಸ್ವಲ್ಪ ತಿರುಗಿಸಿ ಬಿಟ್ಟರೆ ಅತ್ತಿತ್ತ ತೂಗಾಡುತ್ತದೆ. ಭೂಮಿಯ ಎಳೆತ ಜಾಸ್ತಿಯಿದ್ದ ಕಡೆ ಬೇಗ ಬೇಗ, ಕಡಿಮೆಯಿದ್ದ ಕಡೆ ನಿಧಾನ. ಮೊದಲು ವರಾಂಡದಲ್ಲಿಟ್ಟಳು. ಸ್ಟಾಪ್‌ವಾಚನ್ನು ಮೇಡಂ ತಾವೇ ಹಿಡಿದರು. ಇಪ್ಪತ್ತು ತೂಗಿಗೆ ನೂರ ಅರವತ್ತು ಸೆಕೆಂಡು. ಆಮೇಲೆ ಎರಡನೇ ಮೇಜಿನ ಮೇಲಿಟ್ಟಳು. ನೂರ ಎಂಬತ್ತಮೂರು.

"ಸರಿ, ವ್ಯತ್ಯಾಸ ಇದೆ," ಎಂದರು ಮೇಡಂ. "ಕಾರಣ? ಇದು ಮರದ ಮೇಜು. ಕಿಟಕಿ ಸರಳು ದೂರ ಇದೆ, ಬೀರು ಇನ್ನೂ ದೂರ. ಕಾರಣ ಇಲ್ಲದೆ ಮುಳ್ಳು ಸುಳ್ಳು ಹೇಳಲ್ಲ. ಹುಡುಕಿ. ಸಿಗದಿದ್ರೆ ಇದು ನಿಮ್ಮ ಕೈತಪ್ಪು ಅಂತಲೇ ನಾನು ಬರೀಬೇಕಾಗುತ್ತೆ."

ಅರ್ಪಿತ ಮೇಜಿನ ಸುತ್ತ ನೋಡಿದಳು, ಬಗ್ಗಿ ಅಡಿಗೂ ನೋಡಿದಳು. ಕೆಳಗೆಲ್ಲ ಹಲಗೆ, ಮೇಲೆಲ್ಲ ಹಲಗೆ. ಎದ್ದು ನಿಂತವಳ ಮುಖ ಬಾಡಿತ್ತು. ಏನಿದೆಯೆಂದು ಅವಳಿಗೆ ಗೊತ್ತಿರಲಿಲ್ಲ.

ಗೊತ್ತಿದ್ದವನು ಒಬ್ಬನೇ, ಅವನು ಟ್ರೇ ಹಿಡಿದುಕೊಂಡು ಬಾಗಿಲಲ್ಲಿ ಬೆವರುತ್ತಿದ್ದ. ಒಂಬತ್ತು ವರ್ಷದ ಹಿಂದೆ ಆ ಮೇಜು ಗಡಗಡ ಅಲ್ಲಾಡುತ್ತಿತ್ತು. ಹೊಸದು ಕೇಳಿದರೆ ಮ್ಯಾನೇಜ್‌ಮೆಂಟಿನವರು ಮುಂದಿನ ವರ್ಷ ನೋಡೋಣ ಅಂದರು. ದೇವಲಾಪುರದ ಮನೆಯಲ್ಲಿ ಅಪ್ಪನ ಎತ್ತಿನ ಗಾಡಿಗೆ ಟೈರು ಹಾಕಿಸಿದಾಗ ಬಿಚ್ಚಿದ ಹಳೇ ಚಕ್ರದ ಕಬ್ಬಿಣದ ಪಟ್ಟೆ ಬಿದ್ದಿತ್ತು. ಅದನ್ನು ಕಮ್ಮಾರ ಕೆಂಪಣ್ಣನಿಂದ ಕಾಯಿಸಿ, ಐದಡಿಗೆ ಕಡಿಸಿ, ಬಡಿಸಿ, ನೆಟ್ಟಗೆ ಮಾಡಿಸಿ ತಂದು ಮೇಜಿನಡಿಗೆ ಉದ್ದಕ್ಕೂ ಬೋಲ್ಟು ಹಾಕಿ ಬಿಗಿದಿದ್ದ. ಕಣ್ಣಿಗೆ ಕಾಣಬಾರದೆಂದು ಮೇಲೊಂದು ಹಲಗೆ ಹೊಡೆದು ಬಣ್ಣವನ್ನೂ ಬಳಿದಿದ್ದ. ಎಂಥ ಕೆಲಸ ಮಾಡಿದೆ ಎಂದು ಆಗ ಬೀಗಿದ್ದೂ ಉಂಟು. ಅವತ್ತು ಅವನಿಗೆ ಹೊಳೆಯದೇ ಹೋದದ್ದು ಒಂದೇ: ದಿಕ್ಸೂಚಿಯ ಹೊಟ್ಟೆಯ ಕೆಳಗೇ ಕಬ್ಬಿಣ ಇಟ್ಟರೆ ಅದು ಸುಮ್ಮನಿರುತ್ತದೆಯೇ?

ಬಾಯಿ ಬಿಟ್ಟರೆ ನೌಕರಿಗೆ ಸಂಚಕಾರ. ಬಿಡದಿದ್ದರೆ ಮಗಳು ಸುಳ್ಳಿ. ಚಿಕ್ಕಸ್ವಾಮಿ ಒಂದು ಸಲ ಮಗಳ ಮುಖ ನೋಡಿದ, ಅಷ್ಟೇ. ಟ್ರೇಯನ್ನು ಕೆಳಗಿಟ್ಟ.

"ಮೇಡಮ್ಮೋರೆ, ಮಗು ತಪ್ಪು ಮಾಡಿಲ್ಲ. ತಪ್ಪು ಮಾಡ್ದೋನು ನಾನು. ಅದ್ರಡೀಲಿ ಗಾಡಿಪಟ್ಟೆ ಆಕಿವ್ನಿ."

ಅವನು ಸ್ಪ್ಯಾನರು ತಂದು ಮೇಜಿನಡಿಗೆ ಮಲಗಿ, ಹಲಗೆ ಕಿತ್ತು, ಒಂದೊಂದೇ ಬೋಲ್ಟು ಬಿಚ್ಚಿದ. ಐದಡಿಯ ಪಟ್ಟೆಯನ್ನು ಹೆಗಲ ಮೇಲೆ ಹೊತ್ತು ಗೇಟಿನಾಚೆ ಎಸೆದು ಬಂದ. ಅಯಸ್ಕಾಂತದ ಕಡ್ಡಿ ಮತ್ತೆ ತೂಗಿತು. ಅಲ್ಲಿದ್ದವರೆಲ್ಲ ಮನಸ್ಸಿನಲ್ಲೇ ಎಣಿಸಿದರು. ಇಪ್ಪತ್ತಾಗುತ್ತಲೇ ಮೇಡಂ ಗಡಿಯಾರ ನಿಲ್ಲಿಸಿ ಎತ್ತಿ ತೋರಿಸಿದರು. ನೂರ ಅರವತ್ತೊಂದು!

ಹುಡುಗರು ಕೇಕೆ ಹಾಕುವುದೊಂದೇ ಬಾಕಿ. ಮೇಡಂ ಮಾತ್ರ ಬೆಳಗಿನ ಇಬ್ಬರ ಹಾಳೆಗಳನ್ನು ಕೈಗೆತ್ತಿಕೊಂಡರು. "ಹಾಗಾದ್ರೆ ಆ ಪಟ್ಟೆ ಇದ್ದ ಮೇಜಿನಲ್ಲಿ ಇವರಿಗೆ ತ್ರೀ ಎಯ್ಟ್ ಹೇಗೆ ಬಂತು? ಒಂಬತ್ತು ವರ್ಷದಿಂದ ಎಲ್ಲರಿಗೂ ಹೇಗೆ ಬಂತು?"

ಶಂಕರ್ ಸರ್ ಕನ್ನಡಕ ತೆಗೆದು ಒರೆಸತೊಡಗಿದರು. ಒರೆಸಿದ್ದನ್ನೇ ಒರೆಸಿದರು.

"ಅದೂ ನಾನೇ ಮೇಡಮ್ಮೋರೆ," ಎಂದ ಚಿಕ್ಕಸ್ವಾಮಿ. "ಹುಡುಗ್ರು ಪಾಸಾಗ್ಲಿ ಅಂತ ಹೇಳ್‌ಕೊಡ್ತಿದ್ದೆ. ಇವ್ಳಿಗೂ ಹೇಳ್ದೆ. ಇವ್ಳೊಬ್ಳು ಕೇಳ್ನಿಲ್ಲ."

ಯಶೋದಮ್ಮ ಮೇಡಂ ಆ ಎರಡು ಹಾಳೆಗಳನ್ನು ಪಕ್ಕಕ್ಕಿಟ್ಟರು. ಆಮೇಲೆ ಅರ್ಪಿತಳ ಹಾಳೆಯಲ್ಲಿ ಆ ಪಾಯಿಂಟ್ ಟೂ ನೈನ್ ಪಕ್ಕಕ್ಕೆ ಕೆಂಪು ಪೆನ್ನಿನಿಂದ ಸರಿ ಗುರುತು ಹಾಕಿದರು. "ಇಪ್ಪತ್ತು ವರ್ಷದಿಂದ ಪರೀಕ್ಷೆ ಮಾಡ್ತಿದೀನಿ. ಬಂದದ್ದನ್ನ ಬಂದ ಹಾಗೆ ಬರೆದವರನ್ನ ಬೆರಳಲ್ಲಿ ಎಣಿಸಬಹುದು. ಎಂ.ಎಸ್ಸಿ.ಗೆ ಬಾಮ್ಮ," ಎಂದರು. ಚಿಕ್ಕಸ್ವಾಮಿ ಸ್ಪ್ಯಾನರು ಹಿಡಿದುಕೊಂಡೇ ವರಾಂಡಕ್ಕೆ ಹೋಗಿ, ಕಂಬಕ್ಕೆ ಒರಗಿ, ಯಾರ ಹಂಗೂ ಇಲ್ಲದೆ ಅತ್ತ.

ವಾರ ಕಳೆಯುವಷ್ಟರಲ್ಲಿ ಪ್ರಿನ್ಸಿಪಾಲರ ಮೆಮೊ ಬಂತು. ಪರೀಕ್ಷೆಯ ವೇಳೆ ವಿದ್ಯಾರ್ಥಿನಿ ಕುಮಾರಿ ಸಿ. ಅರ್ಪಿತ ಇವರ ಪ್ರಯೋಗದಿಂದ ಬೆಳಕಿಗೆ ಬಂದಂತೆ, ಅನುಮತಿಯಿಲ್ಲದೆ ಮೇಜಿಗೆ ಕಬ್ಬಿಣ ಅಳವಡಿಸಿದ್ದಕ್ಕೂ ವಿದ್ಯಾರ್ಥಿಗಳಿಗೆ ಉತ್ತರ ತಿಳಿಸುತ್ತಿದ್ದುದಕ್ಕೂ ಮೂರು ದಿನದೊಳಗೆ ಲಿಖಿತ ವಿವರಣೆ ಕೊಡತಕ್ಕದ್ದು. ಬೇರೆ ಯಾರಾದರೂ ಆಗಿದ್ದರೆ ಅದನ್ನು ಮಡಿಚಿ ಜೇಬಿನಾಳಕ್ಕೆ ತುರುಕುತ್ತಿದ್ದರು. ಈ ಮಹಾರಾಯ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಕೂತು, ಸಿಕ್ಕಿದವರಿಗೆಲ್ಲ ಓದಿ ಹೇಳಿದ. ಕುಮಾರಿ ಸಿ. ಅರ್ಪಿತ ಎಂಬಲ್ಲಿಗೆ ಬಂದಾಗ ನಿಲ್ಲಿಸಿ ಎರಡು ಸಲ ಓದುತ್ತಿದ್ದ.

"ಲೇ ಚಿಕ್ಕ, ಕೆಲ್ಸ ಓಗಂಗಿದೆ, ನಗ್ತಾ ಕೂತಿದ್ದೀಯಲ್ಲಾ!" ಎಂದ ಕೆಂಪಣ್ಣ.

"ಓದ್ರೆ ಓಗ್ಲಿ ಕಣ್ಲಾ. ಸರ್ಕಾರಿ ಸೀಲಾಕಿ ಮಗಳೆಸ್ರು ಬರ್ದವ್ರೆ, ನೋಡ್ಲಾ ಇಲ್ಲಿ."

ಸೀಲು ಕಾಲೇಜಿನದು, ಸರ್ಕಾರದ್ದಲ್ಲ. ಅದನ್ನು ಅವನಿಗೆ ಹೇಳುವವರಾರು?

ಮೂರನೇ ದಿನ ವಿವರಣೆ ಬರೆದು ಶಂಕರ್ ಸರ್ ಕೈಗಿಟ್ಟ. ಇದ್ದದ್ದು ಎರಡೇ ಸಾಲು. ಎರಡು ತಪ್ಪನ್ನೂ ನಾನೇ ಮಾಡಿದ್ದು, ಯಾವ ಶಿಕ್ಷೆ ಕೊಟ್ಟರೂ ಸರಿ ಎಂದು ಮೊದಲನೆಯದು. ಕಂಡುಹಿಡಿದವಳು ನನ್ನ ಮಗಳು ಎಂದು ಎರಡನೆಯದು.

ಶಂಕರ್ ಸರ್ ಓದಿ ತಲೆ ಕೆರೆದುಕೊಂಡರು. "ಚಿಕ್ಕಸ್ವಾಮಿ, ಎರಡನೇ ಸಾಲು ಅವರು ಕೇಳಿಲ್ಲ ಕಣಯ್ಯ. ಮೆಮೊಗೆ ಉತ್ತರ ಅಂದ್ರೆ ಕೇಳಿದ್ದಕ್ಕಷ್ಟೇ. ಅದನ್ನ ಹೊಡೆದುಹಾಕು."

ಚಿಕ್ಕಸ್ವಾಮಿ ಹಾಳೆಯನ್ನು ವಾಪಸು ಇಸಿದುಕೊಂಡ, ಒಂದು ಸಲ ಪೂರ್ತಿ ಓದಿದ, ಮತ್ತೆ ಅವರ ಮುಂದಕ್ಕೇ ಚಾಚಿದ.

"ಬೇಕಾದ್ರೆ ಮೊದಲ್ನೇದ್ ಹೊಡ್ದಾಕಿ ಸಾ. ಎರಡ್ನೇದ್ ಇರ್ಲಿ."