ಗೆದ್ದಲು ಮುಟ್ಟದ ಹಲಗೆ

ಸಿಂಗಟಗೆರೆಯ ಕರಿಯಪ್ಪ ಜೀವಮಾನದಲ್ಲಿ ಹೇಳಿದ ದೊಡ್ಡ ಸುಳ್ಳು ಒಂದೇ ಒಂದು. ಹೇಳಿದ್ದು ಹೆತ್ತ ತಾಯಿಗೆ. ಮೂವತ್ತೊಂದು ವರ್ಷ ಅದು ಮಹಡಿ ಕೋಣೆಯ ಟೈಲ್ಸಿನ ಕೆಳಗೆ ತೆಪ್ಪಗೆ ಬಿದ್ದಿತ್ತು. ಈಗ ಮಗ ತೀರ್ಥೇಶನ ಮದುವೆ ಗೊತ್ತಾಗಿದೆ. ಬುಕ್ಕಾಂಬುಧಿಯಿಂದ ಬರುವ ಹುಡುಗಿಗೆ ಕೋಣೆ ಚೆನ್ನಾಗಿರಲಿ ಎಂದು ತೀರ್ಥೇಶ ಟೈಲ್ಸ್ ಕೀಳಿಸಿದ್ದೇ ತಡ, ಅಡಿಯಿಂದ ಮರದ ಹಲಗೆಗಳು ಎದ್ದು ಕಂಡವು.

ಕಾಣಲಿ, ಅದರಲ್ಲೇನು ಅನ್ನುತ್ತೀರಾ? ಕರಿಯಪ್ಪನ ಲೆಕ್ಕದಲ್ಲಿ ಅವು ಗೆದ್ದಲು ತಿಂದು ಪುಡಿಯಾಗಿರಬೇಕಿತ್ತು. ಊರಿಗೆಲ್ಲ ಅವನು ಹಾಗೇ ಹೇಳಿಕೊಂಡು ಬಂದಿದ್ದ.

ಅಜ್ಜಂಪುರದಿಂದ ಬಂದ ಬಡಗಿ ಬೆನಕಪ್ಪ ಮಂಡಿಯೂರಿ ಕೂತು, ಗಾರೆ ಕೆರೆದು, ಒದ್ದೆ ಬಟ್ಟೆಯಲ್ಲಿ ಒರೆಸಿದ. ಹಲಗೆ ಕೆಂಪಗೆ ಹೊಳೆಯಿತು.

"ಹೊನ್ನೆ ಮರ ಕಣಪ್ಪಾ. ಇದಕ್ಕೆ ಗೆದ್ದಲು ಅಂದೋರ್ಯಾರು?"

"ನಮ್ಮಪ್ಪ," ಎಂದ ತೀರ್ಥೇಶ.

"ಯಜಮಾನ್ರೇ, ಗೆದ್ದಲು ಎಂಗಿರ್ತದೆ ಅಂತಾನಾದ್ರೂ ನೋಡಿದೀರಾ?"

ಕರಿಯಪ್ಪ ಮಗನ ಕಡೆ ತಿರುಗಿದ. "ಮುಚ್ಬಿಡ್ರೋ ಅದನ್ನ. ಹೊಸ ಟೈಲ್ಸ್ ಹಾಕಿ."

"ಇಷ್ಟೊಳ್ಳೆ ಮರ ಯಾಕಪ್ಪ ಮುಚ್ಚೋದು? ಉಜ್ಜಿ ಪಾಲಿಶ್ ಹೊಡ್ಸಿದ್ರೆ ಆಯ್ತು," ಎನ್ನುತ್ತ ಮಗ ಎರಡು ಹೆಜ್ಜೆ ಇಟ್ಟ. ಹಲಗೆ ಕಿರ್ರೆಂದಿತು. ಕರಿಯಪ್ಪನ ಕಿವಿ ಬಿಸಿಯಾಯಿತು.

ಆ ಸದ್ದೇ ಎಲ್ಲಕ್ಕೂ ಮೂಲ. ಆಗ ಮದುವೆಯಾದ ಹೊಸತು. ಮೇಲೆ ಕರಿಯಪ್ಪ, ಹೆಂಡತಿ ಕೆಂಚಮ್ಮ. ಸರಿಯಾಗಿ ಕೆಳಗೆ, ನಡುಮನೆಯಲ್ಲಿ, ಅವ್ವ ಈರಕ್ಕ. ಮೇಲೆ ಮಗ್ಗುಲು ಬದಲಿಸಿದರೂ ಹಲಗೆ ಕೆಳಗೆ ವರದಿ ಒಪ್ಪಿಸುತ್ತಿತ್ತು. ಬೆಳಿಗ್ಗೆ ತಾಯಿಯ ಮುಖ ನೋಡಲಾಗದೆ ನಮ್ಮ ಮದುಮಗ ಹಿತ್ತಿಲ ಬಾಗಿಲಿಂದಲೇ ತೋಟಕ್ಕೆ ಓಡುತ್ತಿದ್ದ. ಮೂರು ತಿಂಗಳು ಓಡಿ ಸಾಕಾಗಿ, ಗೆದ್ದಲು ಹಿಡಿದಿದೆ ಎಂದು ಸುಳ್ಳು ಹೇಳಿ, ಕಡೂರಿನಿಂದ ಟೈಲ್ಸ್ ತಂದು ಮುಚ್ಚಿಸಿದ. ಎಂಥಾ ಉಪಾಯ ಮಾಡಿದೆ ಎಂದು ಒಳಗೊಳಗೇ ಹಿಗ್ಗಿದ್ದ ಕೂಡ.

ಆದರೆ ಆ ಹಲಗೆಗಳನ್ನು ಈರಕ್ಕನ ಅಪ್ಪ ತರೀಕೆರೆಯಿಂದ ಗಾಡಿ ಹೊಡೆದುಕೊಂಡು ಬಂದು ಮಗಳ ಮನೆಗೆ ಕೊಟ್ಟಿದ್ದ. ಗೆದ್ದಲು ಎಂದಾಗ ಅವಳು, "ನಾನೇ ಸರ್ಯಾಗಿ ಎಣ್ಣೆ ಒರೆಸ್ಲಿಲ್ಲ ಕಣಪ್ಪ," ಎಂದಿದ್ದಳು. ಆ ಕೊರಗಲ್ಲೇ ಅವ್ವ ಕಣ್ಣು ಮುಚ್ಚಿದಳು ಎಂಬುದು ಕರಿಯಪ್ಪನ ಎದೆಯ ಮುಳ್ಳು. ಹಲಗೆ ಮುಚ್ಚದೆ ಬಿಟ್ಟರೆ ಇನ್ನು ದಿನಾ ಅದು ಚುಚ್ಚುತ್ತದೆ.

ತಡೆಯಲಾರದೆ ಅಡುಗೆಮನೆಗೆ ಹೋದ. ಕೆಂಚಮ್ಮ ಕಾಯಿ ತುರಿಯುತ್ತಿದ್ದಳು.

"ಅವ್ವಂಗೆ ಮೋಸ ಮಾಡ್ಬಿಟ್ಟೆ ಕಣೇ."

ಅವಳು ತುರಿಯುವುದನ್ನು ನಿಲ್ಲಿಸಿದಳು. "ಅಲ್ಲಾ, ಗೆದ್ದಲು ಅನ್ನೋ ಮಾತು ನಿಮ್ ತಲೆಗೆ ಹೊಳೀತಾ?"

"ಮತ್ತಿನ್ಯಾರ್ ತಲೆಗೆ?"

"ಮೊದ್ಲು ನಾನಲ್ವಾ ಅಂದಿದ್ದು? ನಂಗೆ ಹೇಳ್ಕೊಟ್ಟೋರು ಅತ್ತೆ. 'ದಿನಾ ಹಸ್ಕೊಂಡು ಹಿತ್ಲಿಂದ ಓಡ್ತಾನೆ ಕಣೇ ಪಾಪ. ಗೆದ್ದಲು ಅಂತ ಮುಚ್ಚಿಸ್ಕೊಳ್ಳಲಿ, ನಾನು ನಂಬಿದೋಳಂಗೆ ಇರ್ತೀನಿ' ಅಂದ್ರು."

ಕರಿಯಪ್ಪ ಗೋಡೆಗೊರಗಿ ಕುಕ್ಕರಿಸಿದ. "ಎಣ್ಣೆ ಒರೆಸ್ಲಿಲ್ಲ ಅಂದಿದ್ದು?"

"ನಿಮ್ಗೆ ಅನುಮಾನ ಬರದೇ ಇರ್ಲಿ ಅಂತ. ಹಂಗಂದು ಒಳಗ್ ಬಂದು ಬಾಯಿಗೆ ಸೆರಗು ತುರುಕ್ಕೊಂಡು ನಕ್ರು. ಆಮೇಲೆ ಅತ್ರು. ಅವರಪ್ಪ ತಂದಿದ್ದಲ್ವಾ. ನಿಮ್ಗೆ ಹೇಳ್ಬಾರ್ದು ಅಂತ ಆಣೆ ಹಾಕ್ಸಿದ್ರು."

ಐವತ್ತೆಂಟರ ಗಂಡಸು, ಎರಡು ತೋಟದ ಯಜಮಾನ, ತೆಂಗಿನತುರಿಯ ತಟ್ಟೆಯ ಮುಂದೆ ಕೂತು ಬಿಕ್ಕಿಬಿಕ್ಕಿ ಅತ್ತ. ಎದೆಯ ಮುಳ್ಳು ಕಳಚಿತ್ತು, ಅವ್ವನ ಮೇಲೆ ಇನ್ನಿಲ್ಲದ ಪ್ರೀತಿ ಉಕ್ಕುತ್ತಿತ್ತು.

ಎದ್ದು ಮುಖ ತೊಳೆದುಕೊಂಡ. ಪಾಲಿಶ್ ಹೊಡಿ ಎಂದು ಬೆನಕಪ್ಪನಿಗೆ ಕೂಗಿ ಹೇಳಿದ. ಈಗ ನಡುಮನೆಯಲ್ಲಿ ಮಲಗುವವರು ಅವನೂ ಕೆಂಚಮ್ಮನೂ. ಅಲ್ಲಿಗೆ ಬಂದು, "ಲೇ ತೀರ್ಥೇಶ, ಈ ಮಂಚ ಒಂಚೂರು ಹಿಡಿ," ಎಂದ.

"ಎಲ್ಲಿಗಪ್ಪಾ?"

"ಹಿಂದ್ಗಡೆ ಕೋಣೆಗೆ. ನಾವಿನ್ಮೇಲೆ ಅಲ್ಲೇ ಮಲಗ್ತೀವಿ. ನಡುಮನೇಲಿ ಸೆಕೆ."

"ಫ್ಯಾನ್ ಇರೋದೇ ನಡುಮನೇಲಲ್ವಾ?"

ಕರಿಯಪ್ಪ ತಲೆ ತಗ್ಗಿಸಿ ಮಂಚದ ಕಾಲು ಹಿಡಿದ. ಕೆಂಚಮ್ಮ ಬಾಗಿಲಿಗೆ ಬಂದು ನಿಂತಳು.

"ಹಿಡಿಯೋ ಮಗ. ಈ ಸಲ ನಿಮ್ಮಪ್ಪ ತಾವೇ ಯೋಚ್ನೆ ಮಾಡವ್ರೆ."